ಗುಳೆ ಹೋದ ಮನೆಗಳಲ್ಲಿ ಉಳಿದ ಹಿರಿಯರು: ಬರಗಾಲದಲ್ಲಿ ಅವರಿಗೆ ಆಸರೆಯಾಗುವುದು ಹೇಗೆ?

ದೀಪಾವಳಿ ಮುಗಿದು ವಾರವಾಗುವಷ್ಟರಲ್ಲಿ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಊರುಗಳಿಂದ ರಾತ್ರಿ ಬಸ್ಸುಗಳಿಗೆ ಗಂಟುಮೂಟೆ ಏರತೊಡಗುತ್ತದೆ. ಮುಂಗಾರಿ ಕೈಕೊಟ್ಟು, ಹಿಂಗಾರಿ ಬಿತ್ತಲು ನೆಲದಲ್ಲಿ ಹಸಿಯೂ ಇಲ್ಲದ ವರ್ಷ ಅರ್ಧ ಓಣಿಯೇ ಗುಳೆ ಹೋಗುತ್ತದೆ. ಬೆಂಗಳೂರು, ಮಂಗಳೂರು, ಗೋವಾ, ಎಲ್ಲಿ ಕಟ್ಟಡದ ಕೆಲಸವಿದೆಯೋ ಅಲ್ಲಿಗೆ. ಹೋಗಲಾರದವರು ಉಳಿಯುತ್ತಾರೆ: ಮೊಣಕಾಲು ಮಡಚಲು ಬಾರದ ಅಜ್ಜಿ, ಕಣ್ಣಿಗೆ ಪೊರೆ ಬಂದ ಅಜ್ಜ, ಅವರ ಕೈಗೆ ಬಿಟ್ಟುಹೋದ ಒಂದೆರಡು ಮೊಮ್ಮಕ್ಕಳು, ಒಂದು ಎಮ್ಮೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಪೇಪರಿನ ತುಂಬ ಒಣಗಿದ ಬೆಳೆಯ, ಬಿರುಕು ಬಿಟ್ಟ ಕೆರೆಯ ಫೋಟೊಗಳಿದ್ದವು. ಪಡಸಾಲೆಯಲ್ಲಿ ಒಬ್ಬರೇ ಕುಳಿತವರು ಯಾವ ಫೋಟೊದಲ್ಲೂ ಇರಲಿಲ್ಲ.

ಆ ವರ್ಷ ನಾವು ಊರಿನ ಏಳೆಂಟು ಮಂದಿ ದುಡ್ಡು ಕೂಡಿಸಿ ರೇಶನ್ ಕಿಟ್ ಹಂಚಿದೆವು. ತಿಂಗಳ ನಂತರ ಹೋದಾಗ ಒಬ್ಬ ಅಜ್ಜಿಯ ಮನೆಯಲ್ಲಿ ಅಕ್ಕಿಯ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. "ಅಕ್ಕಿ ಐತಿ ಯಪ್ಪಾ, ಕುದಸಾಕ ನೀರ ಯಾರ ತರಬೇಕು?" ಅಂದರು. ಅವರ ಪಿಂಚಣಿ ಏಳು ತಿಂಗಳಿಂದ ನಿಂತುಹೋಗಿತ್ತು. ಕಿಟ್ ಕೊಡಲು ಹೋದ ನಾವ್ಯಾರೂ ಅದನ್ನು ಕೇಳಿರಲಿಲ್ಲ. ಅಂದಿನಿಂದ ನಮ್ಮ ಕೆಲಸದ ಕ್ರಮವೇ ಬದಲಾಯಿತು. ಮೊದಲು ನೀರು. ಆಮೇಲೆ ಅವರಿಗೆ ಹಕ್ಕಿನಿಂದ ಬರಬೇಕಾದ ಹಣ ಮತ್ತು ರೇಶನ್. ನಾವು ಕೊಡುವುದೇನಿದ್ದರೂ ಅದರ ನಂತರ. ಇವೆಲ್ಲ ನಡೆಯಬೇಕಾದರೆ ವಾರಕ್ಕೊಮ್ಮೆ ಆ ಬಾಗಿಲಿಗೆ ಹೋಗುವ ಒಬ್ಬ ಮನುಷ್ಯ ಬೇಕು.

ನೀವು ಊರಿನಲ್ಲೇ ಇರುವ ಯುವಕ ಸಂಘದವರಿರಬಹುದು, ಸ್ತ್ರೀಶಕ್ತಿ ಗುಂಪಿನವರಿರಬಹುದು, ಬೆಂಗಳೂರಿನಲ್ಲಿ ಕೂತು ಊರಿಗೆ ಏನಾದರೂ ಮಾಡಬೇಕು ಅಂದುಕೊಂಡವರಿರಬಹುದು. ಕೆಲಸ ಶುರುವಾಗುವುದು ಮಾತ್ರ ಒಂದೇ ಕಡೆಯಿಂದ.

ಬಸ್ಸು ಹೊರಡುವ ಮುಂಚೆ ನೋಟುಬುಕ್ಕು

ಎರಡು ನೂರು ಪುಟದ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಒಬ್ಬ ಹಿರಿಯರಿಗೆ ಎರಡು ಪುಟ. ಮಕ್ಕಳು ಗುಳೆ ಹೋಗುವ ಮುಂಚೆಯೇ ಬರೆದರೆ ಅರ್ಧ ಕೆಲಸ ಹಗುರ, ಯಾಕೆಂದರೆ ಆಧಾರ್ ಕಾರ್ಡು ಎಲ್ಲಿದೆ, ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದು ಎಷ್ಟೋ ಮನೆಯಲ್ಲಿ ಸೊಸೆಗೆ ಮಾತ್ರ ಗೊತ್ತಿರುತ್ತದೆ.

ಪಟ್ಟಿಯನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೂತು ಮಾಡಬೇಡಿ. ಅಲ್ಲಿಗೆ ಬರುವಷ್ಟು ಶಕ್ತಿ ಇದ್ದವರ ಹೆಸರಷ್ಟೇ ಸಿಗುತ್ತದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ರೇಶನ್ ಅಂಗಡಿಯವರು, ಇವರ ಜೊತೆಗೆ ನೀರು ಬಿಡುವ ವಾಟರ್‌ಮನ್‌ನನ್ನು ಕೇಳಿ. ನಳದ ಹತ್ತಿರ ಯಾರು ಬರುವುದು ನಿಂತಿದೆ ಎಂಬುದು ಮೊದಲು ಗೊತ್ತಾಗುವುದು ಅವನಿಗೆ. ಕೇರಿಗೂ ತಾಂಡಾಕ್ಕೂ ಹೊಲದ ಗುಡಿಸಲಿಗೂ ನೀವೇ ನಡೆದು ಹೋಗಿ. ನಮ್ಮ ಭಾಗದಲ್ಲಿ ವಯಸ್ಸಾದ ಮಾಜಿ ದೇವದಾಸಿಯರು ಒಬ್ಬಂಟಿಯಾಗಿ ಇರುವುದುಂಟು. ಅವರಿಗೆ ಸರ್ಕಾರದ ಪ್ರತ್ಯೇಕ ಮಾಸಾಶನವಿದೆ, ಆದರೆ ಅವರಾಗಿ ಬಂದು ಕೇಳುವುದು ಕಡಿಮೆ.

ಪ್ರಶ್ನೆಗಳು ಹೀಗಿರಲಿ: ನೀರು ಯಾರು ತರುತ್ತಾರೆ? ಒಲೆ ಯಾರು ಹಚ್ಚುತ್ತಾರೆ? ಹೋದ ಸಲ ಪಗಾರ ಯಾವಾಗ ಬಂತು? (ಪಿಂಚಣಿ ಎಂದರೆ ಕೆಲವರಿಗೆ ತಿಳಿಯುವುದಿಲ್ಲ, ನಮ್ಮ ಕಡೆ ಹಿರಿಯರು ಅದನ್ನು ಪಗಾರ ಅಂತಲೇ ಕರೆಯುತ್ತಾರೆ.) ರಾತ್ರಿ ಎದ್ದರೆ ಎಲ್ಲಿಗೆ ಹೋಗುತ್ತಾರೆ? ಯಾವ ಮಾತ್ರೆ? ಮಗನ ನಂಬರ್ ಯಾವುದು? ಆ ನಂಬರನ್ನು ನೋಟುಬುಕ್ಕಿನಲ್ಲಿ ಬರೆದರೆ ಸಾಲದು. ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದಾದರೂ ಸರಿ, ದೊಡ್ಡ ಅಂಕಿಯಲ್ಲಿ ಬರೆಯಿರಿ. ನಡುರಾತ್ರಿ ಏನಾದರೂ ಆದರೆ ಪಕ್ಕದ ಮನೆಯವರು ಹುಡುಕುವುದು ಅದನ್ನೇ.

ಕೊನೆಗೆ ಪ್ರತಿ ಹೆಸರಿನ ಮುಂದೆ ಇನ್ನೊಂದು ಹೆಸರು ಬರಬೇಕು. ಈ ಅಜ್ಜಿಯ ಮನೆಗೆ ವಾರಕ್ಕೊಮ್ಮೆ ಹೋಗುವವರು ಯಾರು? ಒಬ್ಬರಿಗೆ ನಾಲ್ಕು ಮನೆಗಿಂತ ಹೆಚ್ಚು ಕೊಡಬೇಡಿ. ಹತ್ತು ಮನೆ ಒಪ್ಪಿಕೊಂಡವರು ಮೂರನೇ ವಾರಕ್ಕೆ ಎಲ್ಲವನ್ನೂ ಬಿಟ್ಟದ್ದನ್ನು ನೋಡಿದ್ದೇನೆ.

ನೀರು: ಇಪ್ಪತ್ತು ಲೀಟರ್ ಎಂದರೆ ಇಪ್ಪತ್ತು ಕೆ.ಜಿ.

ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಆ ಕ್ಯಾನು ಇಪ್ಪತ್ತು ಲೀಟರಿನದು. ಎಪ್ಪತ್ತು ದಾಟಿದ ಹೆಂಗಸು ಅದನ್ನು ಎತ್ತುವುದು ಹೇಗೆ? ಎತ್ತಲಾಗದೆ ಅವರು ಹತ್ತಿರದ ಬೋರಿನ ಸಪ್ಪೆ ನೀರನ್ನೋ ಉಪ್ಪು ನೀರನ್ನೋ ಕುಡಿಯುತ್ತಾರೆ. ಕೊಪ್ಪಳ, ರಾಯಚೂರು, ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಕೀಲು ಬಿಗಿದು, ಬೆನ್ನು ಬಾಗಿ, ಕ್ಯಾನ್ ಎತ್ತುವ ಶಕ್ತಿ ಇನ್ನಷ್ಟು ಕುಂದುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಇದನ್ನು ಪ್ರತಿ ಮನೆಯಲ್ಲೂ ಹೇಳಬೇಕಾಗುತ್ತದೆ, ಯಾಕೆಂದರೆ ಕುದಿಸಿದರೆ ಎಲ್ಲ ಶುದ್ಧ ಎಂಬ ನಂಬಿಕೆ ಗಟ್ಟಿಯಾಗಿದೆ.

ದಾರಿ ಸರಳ. ಮುಚ್ಚಳವಿರುವ ಐದು ಲೀಟರಿನ ಕ್ಯಾನು ಒಬ್ಬರಿಗೆ ಎರಡರಂತೆ ಕೊಡಿಸಿ. ಓಣಿಗೊಬ್ಬ ಹುಡುಗನಿಗೋ ಹೆಣ್ಣುಮಗಳಿಗೋ ತಳ್ಳುಗಾಡಿ ಕೊಟ್ಟು, ದಿನ ಬಿಟ್ಟು ದಿನ ಈ ಮನೆಗಳಿಗೆ ನೀರು ಮುಟ್ಟಿಸಲು ತಿಂಗಳ ಕೂಲಿ ಗೊತ್ತುಮಾಡಿ. ಇದನ್ನು ಬಿಟ್ಟಿಯಾಗಿ ಮಾಡಿಸಬೇಡಿ. ದುಡ್ಡು ಕೊಟ್ಟರೆ ಬರುತ್ತಾರೆ, ಬರದಿದ್ದರೆ ಕೇಳಬಹುದು. ಬೆಂಗಳೂರಿನಿಂದ ದುಡ್ಡು ಕಳಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೇಸಿಗೆಯ ನಾಲ್ಕು ತಿಂಗಳು ಒಂದು ಓಣಿಯ ನೀರಿನ ಗಾಡಿಯ ಕೂಲಿ ನಿಮ್ಮದಿರಲಿ.

ಟ್ಯಾಂಕರ್ ಬರುವ ಊರಾದರೆ ಪಾಳಿಯ ಗದ್ದಲದಲ್ಲಿ ಹಿರಿಯರ ಕೊಡ ಕೊನೆಗೇ ಉಳಿಯುತ್ತದೆ. ಮೊದಲ ಇಷ್ಟು ಕೊಡ ಒಂಟಿ ಹಿರಿಯರಿಗೆ ಎಂದು ಓಣಿಯ ಹಿರೀಕರ ಮುಂದೆ ತೀರ್ಮಾನ ಮಾಡಿ ಚೀಟಿ ಕೊಡಿ. ಟ್ಯಾಂಕರೇ ಬರದಿದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಒಂದು ಪ್ರತಿ ತಹಶೀಲ್ದಾರರಿಗೂ ಹೋಗಲಿ. ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯ ಟಾಸ್ಕ್‌ಫೋರ್ಸ್ ಇರುತ್ತದೆ. ಕುಡಿಯುವ ನೀರಿಗೆ ಖಾಸಗಿ ಬೋರ್ ಬಾಡಿಗೆಗೆ ಪಡೆಯುವುದು, ಟ್ಯಾಂಕರ್ ಓಡಿಸುವುದು ಅಲ್ಲಿ ನಿರ್ಧಾರವಾಗುತ್ತದೆ. ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ.

ನಿಂತುಹೋದ ಪಗಾರ

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. 60 ತುಂಬಿದ ಬಿಪಿಎಲ್ ಕುಟುಂಬದವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, ಗಂಡನನ್ನು ಕಳೆದುಕೊಂಡವರಿಗೆ ವಿಧವಾ ವೇತನ ಇವೆ. ಇವುಗಳಲ್ಲಿ ಒಬ್ಬರಿಗೆ ಒಂದೇ ಸಿಗುತ್ತದೆ. ರೇಶನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಅಜ್ಜಿಯ ಹೆಸರಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೇ ಬರಬೇಕು. ಅರ್ಜಿ ನಾಡಕಚೇರಿಯಲ್ಲಿ, ಹಲವು ಊರುಗಳಲ್ಲಿ ಗ್ರಾಮ ಒನ್ ಕೇಂದ್ರದಲ್ಲೂ ಆಗುತ್ತದೆ.

ಹೊಸ ಅರ್ಜಿಗಿಂತ ಹೆಚ್ಚು ಕೆಲಸವಿರುವುದು ನಿಂತುಹೋದದ್ದನ್ನು ಮತ್ತೆ ಶುರುಮಾಡಿಸುವುದರಲ್ಲಿ. ನಿಲ್ಲುವ ಕಾರಣಗಳು ಹೆಚ್ಚಾಗಿ ಇವು. ಆಧಾರ್ ಬೇರೊಂದು ಖಾತೆಗೆ ಜೋಡಣೆಯಾಗಿ ಹಣ ಅಲ್ಲಿಗೆ ಹೋಗಿರುತ್ತದೆ. ಯಾವುದೋ ಸಾಲಕ್ಕೆಂದು ತೆರೆದು ಮರೆತುಬಿಟ್ಟ ಖಾತೆಯಲ್ಲಿ ಎಂಟು ತಿಂಗಳ ಪಿಂಚಣಿ ಒಟ್ಟಿಗೆ ಸಿಕ್ಕದ್ದೂ ಉಂಟು. ಆದ್ದರಿಂದ ಹಣ ಬಂದಿಲ್ಲ ಎಂದು ಅರ್ಜಿ ಬರೆಯುವ ಮುಂಚೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಇನ್ನೊಂದು, ಹೆಸರಿನ ವ್ಯತ್ಯಾಸ: ಪಾಸ್‌ಬುಕ್ಕಿನಲ್ಲಿ ಯಲ್ಲವ್ವ, ಆಧಾರಿನಲ್ಲಿ ಎಲ್ಲಮ್ಮ. ಮೂರನೆಯದು, ಪರಿಶೀಲನೆಗೆ ಬಂದಾಗ ಹಿರಿಯರು ಮಗನ ಜೊತೆ ಗುಳೆಯಲ್ಲಿದ್ದು "ವಿಳಾಸದಲ್ಲಿ ಇಲ್ಲ" ಎಂದು ಬರೆದುಕೊಂಡು ಹೋಗಿರುತ್ತಾರೆ. ಬದುಕಿರುವವರನ್ನು ತೀರಿಕೊಂಡವರೆಂದು ಬರೆದದ್ದೂ ಇದೆ. ಇಂಥದ್ದಕ್ಕೆ ಗ್ರಾಮ ಆಡಳಿತಾಧಿಕಾರಿಯ ಮುಂದೆ ಹಿರಿಯರನ್ನೇ ಕರೆದೊಯ್ದು ನಿಲ್ಲಿಸಿ. ಕಂದಾಯ ಇಲಾಖೆ ಪಿಂಚಣಿ ಅದಾಲತ್ ನಡೆಸುತ್ತದೆ, ಅದರ ದಿನ ಯಾವುದೆಂದು ಮೊದಲೇ ಕೇಳಿಟ್ಟುಕೊಂಡರೆ ಅಲೆದಾಟ ಉಳಿಯುತ್ತದೆ.

ವಯಸ್ಸಿನದ್ದೇ ಇನ್ನೊಂದು ತೊಡಕು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಆಧಾರಿನಲ್ಲಿ ಜನವರಿ 1 ಹುಟ್ಟಿದ ದಿನ. ಅಂದಾಜಿನ ಮೇಲೆ ಬರೆದ ಇಸವಿಯಿಂದ ಎಪ್ಪತ್ತರ ಅಜ್ಜ ಕಾಗದದಲ್ಲಿ ಐವತ್ತೆಂಟರವನಾಗಿರುತ್ತಾನೆ. ತಿದ್ದುಪಡಿಗೆ ದಾಖಲೆ ಬೇಕು, ಸಮಯ ಹಿಡಿಯುತ್ತದೆ. ಇದನ್ನು ಬೇಸಿಗೆಗೆ ಕಾಯದೆ ಕಾರ್ತಿಕದಲ್ಲೇ ಹಿಡಿಯಿರಿ.

ಹಣ ಬಂದ ಮೇಲೂ ಅದು ಕೈಗೆ ಮುಟ್ಟಬೇಕಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವವರು ನೂರು ರೂಪಾಯಿ ಹಿಡಿದುಕೊಳ್ಳುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಜೊತೆಗೆ ಹೋಗಿ, ಚೀಟಿ ಕೇಳಿ ತೆಗೆದುಕೊಳ್ಳಿ, ಚೀಟಿಯಲ್ಲಿರುವ ಮೊತ್ತವನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ ಅವರ ಕೈಯಿಂದಲೇ ಎಣಿಸಿ. ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಹತ್ತಿರವೂ ಬಿಡಬಾರದು, ನಿಮ್ಮ ಹತ್ತಿರವೂ. ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಮನೆ ಬಾಗಿಲಲ್ಲೇ ಹಣ ಕೊಡಬಲ್ಲರು. ನಡೆಯಲಾಗದವರಿಗೆ ಅದು ದೊಡ್ಡ ಅನುಕೂಲ.

ಬೆರಳು ಹತ್ತದಿದ್ದರೆ

ಐವತ್ತು ವರ್ಷ ಕಳೆ ತೆಗೆದ, ಕಲ್ಲು ಹೊತ್ತ ಕೈಯ ಗೆರೆಗಳು ಉಳಿದಿರುವುದಿಲ್ಲ. ರೇಶನ್ ಅಂಗಡಿಯಲ್ಲಿ ಒಬ್ಬ ಅಜ್ಜಿ ಹತ್ತೂ ಬೆರಳನ್ನು ಒಂದೊಂದಾಗಿ ಮಷಿನ್ ಮೇಲೆ ಇಟ್ಟು, ಪ್ರತಿ ಸಲ ಸೆರಗಿಗೆ ಒರೆಸಿ ಮತ್ತೆ ಇಡುತ್ತಿದ್ದರು. "ಸವದಾವ ಯಪ್ಪಾ, ನಂದೇನ ತಪ್ಪಾತು?" ಎಂದು ಕೇಳಿದರು. ಅಂಗಡಿಯವರ ಹತ್ತಿರವೂ ಉತ್ತರವಿರಲಿಲ್ಲ.

ಬೆಚ್ಚಗಿನ ನೀರಲ್ಲಿ ಸೋಪು ಹಚ್ಚಿ ಕೈ ತೊಳೆದು, ಚೂರು ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ಒರೆಸಿದರೆ ಕೆಲವರದು ಹತ್ತುತ್ತದೆ. ಬೆಳಗಿನ ಒಣ ಚಳಿಯಲ್ಲಿ ಹತ್ತದ್ದು ಮಧ್ಯಾಹ್ನ ಹತ್ತಬಹುದು. ಆಗಲೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಿಸಿ, ಮೊಬೈಲ್ ನಂಬರ್ ಜೋಡಿಸಿ. ಬೆರಳು ಹತ್ತಲಿಲ್ಲ ಎಂಬ ಕಾರಣಕ್ಕೆ ಬರಿಗೈಲಿ ಕಳಿಸುವುದು ಸರಿಯಲ್ಲ. ಆಹಾರ ಇಲಾಖೆಯ ತಾಲ್ಲೂಕು ಕಚೇರಿಗೆ ಬರೆದು ವಿನಾಯಿತಿ ಕೇಳಿ.

ಗುಳೆಯ ಮನೆಗಳಲ್ಲಿ ಇನ್ನೊಂದು ನಡೆಯುತ್ತದೆ. ಕಾರ್ಡಿನಲ್ಲಿ ಹೆಸರಿರುವ ಯಾರಾದರೂ ಬೇರೆ ಊರಿನ ಅಂಗಡಿಯಲ್ಲೂ ರೇಶನ್ ಎತ್ತಬಹುದು. ಮಗ ಬೆಂಗಳೂರಲ್ಲಿ ಎತ್ತಿದ್ದು ತಾಯಿಗೆ ಗೊತ್ತಿಲ್ಲ. ಇಲ್ಲಿ ಚೀಲ ಹಿಡಿದು ಹೋದವರಿಗೆ "ಈ ತಿಂಗಳದ್ದು ಎತ್ತ್ಯಾರ ಅಮ್ಮ" ಎಂಬ ಉತ್ತರ ಸಿಗುತ್ತದೆ. ಹೊರಡುವ ಮುಂಚೆಯೇ ಮಗನನ್ನು ಕೂರಿಸಿಕೊಂಡು, ಯಾರು ಎಲ್ಲಿ ಎತ್ತುತ್ತಾರೆ ಎಂದು ತೀರ್ಮಾನ ಮಾಡಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ನಿಜವಾಗಿ ಒಂಟಿಯಾಗಿರುವ ನಿರ್ಗತಿಕರಿಗೆ ಅಂತ್ಯೋದಯ ಕಾರ್ಡಿಗೆ ಪ್ರಯತ್ನಿಸಿ. ಅದರಲ್ಲಿ ಕುಟುಂಬಕ್ಕೆ 35 ಕೆ.ಜಿ. ಧಾನ್ಯ ಸಿಗುತ್ತದೆ, ಮನೆಯಲ್ಲಿ ಒಬ್ಬರೇ ಇದ್ದರೂ ಅಷ್ಟೇ.

ಹೊಟ್ಟೆಗೆ ಏನು ಕೊಡಬೇಕು

ಹಲ್ಲಿಲ್ಲದವರಿಗೆ ಕಟಕ ರೊಟ್ಟಿ ಆಗದು. ಗಿರಣಿಗೆ ನಡೆಯಲಾಗದವರಿಗೆ ಜೋಳದ ಕಾಳು ಕೊಟ್ಟು ಪ್ರಯೋಜನವಿಲ್ಲ. ಜೋಳದ ನುಚ್ಚು ಮಾಡಿಸಿ ಕೊಡಿ, ಮಜ್ಜಿಗೆಯ ಜೊತೆ ಸಂಗಟಿ ಮೆತ್ತಗೆ ಇಳಿಯುತ್ತದೆ. ಹೆಸರುಬೇಳೆ ಬೇಗ ಬೇಯುವುದರಿಂದ ತೊಗರಿಬೇಳೆಗಿಂತ ಕಟ್ಟಿಗೆಯೂ ನೀರೂ ಉಳಿಯುತ್ತವೆ. ಕುಟ್ಟಿದ ಶೇಂಗಾ ಪುಡಿ, ಬೆಲ್ಲ, ಪುಟಾಣಿ ಹಿಟ್ಟು, ಸಣ್ಣ ಪ್ಯಾಕೆಟ್ ಎಣ್ಣೆ, ಸೋಪು ಇರಲಿ. ಚಹಾಪುಡಿ, ಸಕ್ಕರೆ ಬಿಡಬೇಡಿ. ಅದು ಅನಗತ್ಯ ಖರ್ಚು ಎಂದು ಪಟ್ಟಿಯಿಂದ ತೆಗೆಸುವವರಿದ್ದಾರೆ. ಪಕ್ಕದ ಮನೆಯವಳನ್ನು ಕರೆದು ಒಂದು ಕಪ್ ಚಹಾ ಕೊಡುವ ಶಕ್ತಿ ಉಳಿದರೆ ಆ ಮನೆಗೆ ಜನ ಬರುತ್ತಾರೆ. ಒಂಟಿ ಇರುವವರಿಗೆ ಅದು ಸಣ್ಣ ಸಂಗತಿಯಲ್ಲ.

ಒಲೆ ಹಚ್ಚಲೂ ಆಗದವರಿಗೆ ಕಿಟ್ ಬೇಡ. ಪಕ್ಕದ ಮನೆಯಲ್ಲಿ ಒಂದು ಹೊತ್ತಿನ ಊಟ ಗೊತ್ತುಮಾಡಿ, ಧಾನ್ಯ ಮತ್ತು ಒಂದಿಷ್ಟು ದುಡ್ಡು ಆ ಮನೆಗೆ ಕೊಡಿ. ಕೊಡುವ ಮುಂಚೆ ಹಿರಿಯರ ಒಪ್ಪಿಗೆ ಕೇಳಿ. ಯಾರ ಮನೆಯ ಅನ್ನ ಎಂಬುದು ಅವರಿಗೆ ಮುಖ್ಯ.

ಬಿಸಿಲು ಮತ್ತು ಮಾತ್ರೆ

ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ. ರಾತ್ರಿ ಏಳಬೇಕಾಗುತ್ತದೆಂದು ಎಷ್ಟೋ ಹೆಂಗಸರು ಬೇಕೆಂದೇ ನೀರು ಬಿಡುತ್ತಾರೆ. ಹೋದಾಗ "ನೀರು ಕುಡಿದ್ರಾ?" ಎಂದು ಕೇಳಬೇಡಿ, ಹೌದು ಎಂದೇ ಹೇಳುತ್ತಾರೆ. ಮೂತ್ರ ಯಾವ ಬಣ್ಣದಲ್ಲಿ ಹೋಗುತ್ತದೆ ಎಂದು ಕೇಳಿ, ನಾಲಗೆ ನೋಡಿ. ಮಾತು ತೊದಲುವುದು, ಎದ್ದರೆ ತಲೆ ಸುತ್ತುವುದು, ಹಗಲೆಲ್ಲ ಮಂಪರು ಇದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮೈ ಕಾದು ಪ್ರಜ್ಞೆ ತಪ್ಪುತ್ತಿದ್ದರೆ ನೆರಳಿಗೆ ತಂದು, ಮೈಮೇಲೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಭೇದಿಯಾದಾಗ ಓಆರ್‌ಎಸ್ ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮೈಕೈ ನೋವಿನ ಮಾತ್ರೆಯನ್ನು ಹಿರಿಯರು ದಿನಾ ನುಂಗುತ್ತಾರೆ. ನೀರು ಕಡಿಮೆಯಾದ ದೇಹದಲ್ಲಿ ಅದು ಕಿಡ್ನಿಗೆ ಪೆಟ್ಟು. ದಿಂಬಿನ ಕೆಳಗೆ, ಗೂಡಿನಲ್ಲಿ ಇರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಗಳಲ್ಲೂ ಮೂತ್ರ ಹೆಚ್ಚಿಸುವಂಥವಿದ್ದರೆ ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ಅವರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ಕಣ್ಣಿನ ಪೊರೆಯ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಆದರೂ ಹೋಗದಿರಲು ಕಾರಣ ಒಂದೇ, ಆಪರೇಷನ್ ಆದ ಮೇಲೆ ನೋಡಿಕೊಳ್ಳುವವರಿಲ್ಲ. ಆ ಒಂದು ವಾರ ಅಡುಗೆ, ನೀರು, ಕಣ್ಣಿನ ಹನಿ ಹಾಕುವುದನ್ನು ಪಾಳಿಯ ಮೇಲೆ ಹಂಚಿಕೊಳ್ಳಿ. ಕಣ್ಣು ಬಂದವರು ಮರುವಾರ ತಾವೇ ನುಚ್ಚು ಹಸನು ಮಾಡುತ್ತಾರೆ.

ಹೊಲ ಯಾರ ಹೆಸರಲ್ಲಿದೆ?

2023ರ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ, ಹೆಚ್ಚೆಂದರೆ 2 ಹೆಕ್ಟೇರಿಗೆ ಪರಿಹಾರದ ಲೆಕ್ಕವಿತ್ತು. ತೀರಿಹೋದ ಗಂಡನ ಹೆಸರಲ್ಲೇ ಪಹಣಿ ಇರುವ ಅಜ್ಜಿಗೆ ಅದು ತಲುಪುವುದು ಹೇಗೆ? ಮರಣ ಪ್ರಮಾಣಪತ್ರ, ವಂಶಾವಳಿ ಹೊಂದಿಸಿ ಪೌತಿ ಖಾತೆ (ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಬರೆಸುವುದು) ಮಾಡಿಸಿ, ಆಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಮಾಡಿಸಿ. ಅಣ್ಣತಮ್ಮಂದಿರ ತಕರಾರಿದ್ದರೆ ಇದು ಎಳೆಯುತ್ತದೆ, ತಾಳ್ಮೆ ಬೇಕು.

ಮಗನೇ ಪಿಂಚಣಿ ಕಸಿದುಕೊಳ್ಳುವ, ಮನೆಯಿಂದ ಹೊರಗೆ ಹಾಕುವ ಪ್ರಕರಣಗಳಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ ಇದೆ. ಅರ್ಜಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ಆದರೆ ಹೆಚ್ಚಿನ ತಾಯಂದಿರು ಮಗನ ಮೇಲೆ ಅರ್ಜಿ ಕೊಡಲು ಒಪ್ಪುವುದಿಲ್ಲ. ಅವರನ್ನು ಒತ್ತಾಯಿಸಬೇಡಿ. ಕಾಯ್ದೆ ಇದೆ ಎಂಬ ಮಾತು ಮಗನ ಕಿವಿಗೆ ಬಿದ್ದರೇ ಎಷ್ಟೋ ಮನೆಯಲ್ಲಿ ಪಾಸ್‌ಬುಕ್ ವಾಪಸ್ ಬಂದಿದೆ.

ಕೊಡುವ ಕೈ ಹೇಗಿರಬೇಕು

ವೇದಿಕೆ, ಬ್ಯಾನರ್, ಸಾಲಿನಲ್ಲಿ ನಿಲ್ಲಿಸುವುದು, ಫೋಟೊ ಬೇಡ. ಒಂದು ಕಾಲಕ್ಕೆ ಹತ್ತು ಆಳಿಗೆ ಬುತ್ತಿ ಕಟ್ಟಿದವರು ಇವರು. "ನನಗ್ಯಾಕ್ರೀ, ಆಕೀಗಿ ಕೊಡ್ರಿ" ಎಂದು ಪಕ್ಕದ ಮನೆ ತೋರಿಸುತ್ತಾರೆ. ಹಾಗೆ ಹೇಳಿದವರಿಗೆ ಹಸಿವಿಲ್ಲ ಎಂದು ತಿಳಿಯಬೇಡಿ. ಸಂಜೆ ಹೊತ್ತಿಗೆ ಒಬ್ಬರೇ ಹೋಗಿ, ಕೂತು ಮಾತಾಡಿ, ಇಟ್ಟು ಬನ್ನಿ.

ಅವರಿಂದ ಏನಾದರೂ ತೆಗೆದುಕೊಳ್ಳಿ ಕೂಡ. ನಮ್ಮ ಕಡೆ ಅಜ್ಜಿಯರು ಹಳೇ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಬೆಂಗಳೂರಿನವರು ಹಳೇ ಬಟ್ಟೆ ಕಳಿಸುವುದಾದರೆ ಹಂಚಲೆಂದು ಕಳಿಸಬೇಡಿ. ಒಗೆದ ಹತ್ತಿ ಸೀರೆ, ದಾರ, ದೊಡ್ಡ ಕಣ್ಣಿನ ಸೂಜಿ ಕಳಿಸಿ, ಹೊಲಿದ ಕೌದಿಗೆ ಸರಿಯಾದ ಬೆಲೆ ಕೊಟ್ಟು ಕೊಳ್ಳಿ. ಕೆಲಸ ಮಾಡಬಲ್ಲ, 60 ದಾಟಿದ ಹಿರಿಯರಿಗೆ ಉದ್ಯೋಗ ಖಾತರಿಯಲ್ಲಿ ಕೆಲಸದ ಅಳತೆಯಲ್ಲಿ ಶೇ. 50 ರಿಯಾಯಿತಿ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿತ್ತು, ಈಗ ಹೇಗಿದೆ ಎಂದು ಪಂಚಾಯಿತಿಯಲ್ಲಿ ಕೇಳಿ.

ಎಮ್ಮೆಯನ್ನು ಮರೆಯಬೇಡಿ. ಆಸ್ಪತ್ರೆಗೆ ಕರೆದರೆ "ಎಮ್ಮಿಗಿ ನೀರ ಯಾರ ಕುಡಸ್ತಾರ?" ಎಂಬ ಪ್ರಶ್ನೆ ಬರುತ್ತದೆ. ಮೇವು ಬ್ಯಾಂಕ್ ತೆರೆದಿದ್ದರೆ ಅಲ್ಲಿಂದ ಮೇವು ತಂದು ಹಾಕಿ. ಎಮ್ಮೆ ಮಾರಿದ ದಿನದಿಂದ ಊಟ ಬಿಟ್ಟ ಅಜ್ಜನೊಬ್ಬರನ್ನು ಬಲ್ಲೆ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಗುಳೆ ಹೋದವರು ಹಲವರು ಬಂದುಹೋಗುತ್ತಾರೆ. ಆಗ ಮಗನನ್ನು ಹಿಡಿದು ನಾಡಕಚೇರಿಯ ಬಾಕಿ ಸಹಿಗಳನ್ನೆಲ್ಲ ಮುಗಿಸಿಕೊಳ್ಳಿ. ಮತ್ತೆ ಅವರು ಸಿಗುವುದು ಯುಗಾದಿಗೋ ರೋಹಿಣಿ ಮಳೆಗೋ. ಮಳೆ ಬಿದ್ದು ಮನೆ ಮಂದಿ ವಾಪಸ್ ಬಂದಾಗ ಆ ಎರಡು ಪುಟಗಳನ್ನು ಸೊಸೆಯ ಮುಂದೆ ತೆರೆದು ಓದಿ ಹೇಳಿ: ಇಂಥ ಮಾತ್ರೆ ನಿಲ್ಲಿಸಿದ್ದಾರೆ, ಬಲಗಣ್ಣಿನ ಆಪರೇಷನ್ ಆಗಿದೆ, ಎಡಗಣ್ಣು ಬಾಕಿ, ಪಗಾರ ಫೆಬ್ರುವರಿಯಿಂದ ಅಂಚೆ ಖಾತೆಗೆ ಬರುತ್ತಿದೆ, ಮಾವನವರು ಉಪ್ಪಿನಕಾಯಿ ಕೇಳುತ್ತಿದ್ದರು, ಬಿಪಿ ಇದೆ ಕೊಡಬೇಡಿ. ನೋಟುಬುಕ್ಕು ಮಾತ್ರ ನಿಮ್ಮ ಹತ್ತಿರವೇ ಇರಲಿ. ಮುಂದಿನ ದೀಪಾವಳಿಗೆ ಮತ್ತೆ ಬೇಕಾಗುತ್ತದೆ.